ಯಾರ ಉಸಿರಿನ ಬೂಷ್ಟು

“ಒಂದು ರೂಮಲ್ಲಿ ಐದು ಜನ ಉಸ್ರು ಬಿಟ್ಕಂಡು ಬಿದ್ಕಂಡಿದ್ರೆ ಬೂಷ್ಟು ಬರ್ದೆ ಇನ್ನೇನ್ ಬತ್ತೈತೆ ಲಿಂಗಿ? ಉಸ್ರಾಡೋದು ಕಮ್ಮಿ ಮಾಡ್ರಿ,” ಎಂದ ಸುರೇಂದ್ರ.

ನಾನು ಮೆಣಸು ಕೇರುತ್ತಿದ್ದೆ. ಮೊರ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅದು ಅವನ ಮುಖಕ್ಕೆ ಹೋಗುತ್ತಿತ್ತು.

ಬಾಳ್ಳುಪೇಟೆಯ ಹೆದ್ದಾರಿ ಬದಿಯಲ್ಲಿ ಸುರೇಂದ್ರನ ಮೆಣಸಿನ ಗೋಡೌನ್. ಅದರ ಬೆನ್ನಿಗೇ ನಾಲ್ಕು ಬಾಡಿಗೆ ಮನೆ, ಅವೂ ಅವನವೇ. ಹಗಲು ನಾವು ಅವನ ಕೂಲಿಗಳು, ಸಂಜೆ ಅವನ ಬಾಡಿಗೆದಾರರು. ಎರಡು ಹೊತ್ತೂ ಬೈಯುವ ಹಕ್ಕು ತನಗಿದೆ ಎಂದು ಅವನು ತಿಳಿದಿದ್ದಾನೆ.

ಗೋಡೌನಿನ ಸೂರಿನ ನೀರೆಲ್ಲ ನಮ್ಮ ಗೋಡೆ ಬುಡಕ್ಕೆ ಬೀಳುವಂತೆ ಪೈಪು ಹಾಕಿಸಿದವನು ಅವನೇ. ಗೋಡೆಗೆ ಮೊದಲು ಕಪ್ಪು ಚುಕ್ಕಿ ಬಂತು, ಆಮೇಲೆ ನಾಯಿಮರಿಗೆ ಬಂದ ಹಾಗೆ ರೋಮ ಬಂತು. ಮೊಮ್ಮಗಳು ಮೇಘಾಗೆ ಆರು ವರ್ಷ. ಮಲಗಿದರೆ ಎದೆ ಸೀಟಿ ಹೊಡೆಯುತ್ತದೆ. ಸಕಲೇಶಪುರದ ಡಾಕ್ಟರು ನೋಡಿ, ಆ ಗೋಡೆ ಪಕ್ಕ ಮಲಗಿಸಿದರೆ ತಮ್ಮ ಮದ್ದು ದಂಡ ಎಂದರು. ಹತ್ತಡಿ ರೂಮಿನಲ್ಲಿ ಎಲ್ಲಿ ಮಲಗಿಸಿದರೂ ಅದೇ ಗೋಡೆಯ ಪಕ್ಕ.

ಇದನ್ನು ಹೇಳಿದ್ದಕ್ಕೇ ಸುರೇಂದ್ರ ಉಸಿರಿನ ಮಾತು ತೆಗೆದದ್ದು. ಅಷ್ಟಕ್ಕೇ ಬಿಡಲಿಲ್ಲ. ನಾವು ಒಳಗೆ ಅನ್ನ ಬೇಯಿಸುತ್ತೇವಂತೆ. ಒಳಗೇ ಬಟ್ಟೆ ಒಣಗಿಸುತ್ತೇವಂತೆ. ಕಿಟಕಿಗೆ ಗೊಬ್ಬರದ ಚೀಲ ಕಟ್ಟಿ ಗಾಳಿ ತಡೆಯುತ್ತೇವಂತೆ. ಕಿಟಕಿಗೆ ಬಾಗಿಲೇ ಇಲ್ಲವಲ್ಲ ಎಂದರೆ ಅದೂ ನಮ್ಮ ತಪ್ಪೇ. ಮನೆ ಕೆಡಿಸಿದವರೇ ಸುಣ್ಣ ಬಳಿದುಕೊಳ್ಳಲಿ, ಇಲ್ಲದಿದ್ದರೆ ಖಾಲಿ ಮಾಡಲಿ ಎಂದ.

ಪಕ್ಕದ ಮನೆಯ ಚಲುವಯ್ಯ ಲಾರಿಗೆ ಮೂಟೆ ತುಂಬುವವನು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ನಾಳಿಂದ ಪಾಳಿ ಮೇಲೆ ಉಸ್ರಾಡಣ ಕಣಕ್ಕ,” ಎಂದ. “ಹಗ್ಲು ನಿಮ್ಮನೇರು, ರಾತ್ರಿ ನಮ್ಮನೇರು.”

ಇದೇ ಸುರೇಂದ್ರ ಮೆಣಸಿಗೆ ಮಾಡಿಸುವ ಸೇವೆ ನೋಡಬೇಕು. ಮೂಟೆ ನೆಲಕ್ಕೆ ತಾಗಬಾರದು, ಮರದ ಹಲಗೆ ಮೇಲೇ ಇಡಬೇಕು. ಗೋಡೆಗೂ ಮೂಟೆಗೂ ನಡುವೆ ಒಬ್ಬ ಆಳು ಅಡ್ಡಡ್ಡ ನಡೆಯುವಷ್ಟು ಜಾಗ ಬಿಡಬೇಕು. ದಿನಾ ಬೆಳಿಗ್ಗೆ ನಾನು ಒಂದೊಂದು ಮೂಟೆಗೂ ಮೊಣಕೈವರೆಗೆ ಕೈ ತೂರಿಸಿ ನೋಡಬೇಕು. ಒಳಗೆ ಬೆಚ್ಚಗಾಗಿದ್ದರೆ ಬೂಷ್ಟು ಹಿಡಿಯಲಿದೆ ಎಂದು ಅರ್ಥ, ಕೂಡಲೇ ಸುರಿದು ಹರಡಬೇಕು. ಹತ್ತು ವರ್ಷದಲ್ಲಿ ಒಂದು ಕಾಳಿಗೂ ಬೂಷ್ಟು ಹತ್ತಗೊಟ್ಟವಳಲ್ಲ ನಾನು.

ಗುರುವಾರ ಸಂಜೆ ಮೇಘಾಗೆ ಉಸಿರೇ ಕಟ್ಟಿತು. ತುಟಿ ನೀಲಿಗಟ್ಟಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದು, ಮೂಗಿಗೆ ಮದ್ದಿನ ಹೊಗೆ ಹಿಡಿಸಿ ಉಳಿಸಿಕೊಂಡು ಬಂದೆವು.

ಮರುದಿನ ಸುರೇಂದ್ರ ಹಾಸನಕ್ಕೆ ಹೋದ. ನಾನು ಚಲುವಯ್ಯನನ್ನು ಕರೆದೆ. ನಮ್ಮ ಒಲೆ, ಪಾತ್ರೆ, ಹಾಸಿಗೆ ಎಲ್ಲವನ್ನೂ ಹೊರಗೆ ಹಾಕಿದೆವು. ಗೋಡೌನಿನಿಂದ ನಾಲ್ಕು ಮೂಟೆ ಮೆಣಸು ಹೊತ್ತು ತಂದು ಆ ಕಪ್ಪು ಗೋಡೆಗೆ ಒರಗಿಸಿದೆವು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ರವಿಕೆಯೊಳಗೆ ಇಟ್ಟುಕೊಂಡೆ. ಗೋಡೌನಿನಲ್ಲಿ ಮೂಟೆ ಇದ್ದ ಹಲಗೆಗಳ ಮೇಲೆ ಚಾಪೆ ಹಾಸಿ ಮಗುವನ್ನು ಮಲಗಿಸಿದೆ.

ಸುರೇಂದ್ರ ಊಟದ ಹೊತ್ತಿಗೆ ಬಂದ. ಮೂಟೆ ಎಲ್ಲಿ ಎಂದು ಕೇಳಿದ. ನಮ್ಮ ಮನೆಯಲ್ಲಿವೆ ಎಂದೆ. ಓಡಿ ಹೋಗಿ ಕಿಟಕಿಯ ಚೀಲ ಎತ್ತಿ ಇಣುಕಿದವನು ಹಾಗೇ ಓಡಿ ಬಂದ.

“ಬೇವರ್ಸಿ ಮುಂಡೆ, ಆ ಗೋಡೆಗೆ ಒರಗ್ಸಿದ್ದೀಯಲ್ಲೇ. ಎರಡು ದಿನದಲ್ಲಿ ಬೂಷ್ಟು ಹಿಡ್ದು ಹಾಳಾಗೋಗ್ಬುಡ್ತೈತೆ.”

“ಹೆಂಗ್ ಹಿಡಿತೈತೆ ಸ್ವಾಮಿ?” ಎಂದೆ. “ಒಳಗೆ ಅನ್ನ ಬೇಯ್ಸೋರಿಲ್ಲ, ಬಟ್ಟೆ ಒಣಗ್ಸೋರಿಲ್ಲ. ಉಸ್ರಾಡೋಕೆ ಒಂದು ನರಪಿಳ್ಳೆ ಇಲ್ಲ.”

ಅಷ್ಟು ಹೊತ್ತಿಗೆ ನಾಲ್ಕೂ ಮನೆಯವರು ಬಂದು ಗೋಡೌನಿನ ಬಾಗಿಲಲ್ಲಿ ನಿಂತಿದ್ದರು. ಯಾರೋ ಕಿಸಕ್ಕೆಂದರು. ಸುರೇಂದ್ರ ಕೀಲಿ ಕೊಡು ಎಂದು ಕೈ ಚಾಚಿದ, ಪೊಲೀಸರನ್ನು ಕರೆಸುತ್ತೇನೆಂದ. ಕರೆಸಿ, ಅವರಿಗೆ ಮೊದಲು ಗೋಡೆ ತೋರಿಸೋಣ ಎಂದೆ.

“ಪೈಪು ತಿರುಗ್ಸಿ. ಗೋಡೆ ಕೆರೆದು ಗಾರೆ ಮಾಡ್ಸಿ. ಕಿಟಕಿಗೆ ಬಾಗ್ಲು ಇಡ್ಸಿ. ಅಲ್ಲೀಗಂಟ ನಿಮ್ ಮೆಣಸು ಅಲ್ಲಿರ್ತೈತೆ, ನಾವು ಇಲ್ಲಿರ್ತೀವಿ.”

ಅವನ ಕುತ್ತಿಗೆ ನರ ಉಬ್ಬಿತು. ಕಿರುಚಲು ಬಾಯಿ ತೆರೆದ.

“ಮೆತ್ತಗೆ,” ಎಂದೆ. “ಮಗೀಗೆ ಈಗಷ್ಟೇ ನಿದ್ದೆ ಹತ್ತೈತೆ.”