ಗಂಟಿಗೆ ನಿಂತ ಬುಟ್ಟಿ

ಮಂಗಳವಾರ ಬೆಳಿಗ್ಗೆ ಭಾವ, ನನ್ನ ಗಂಡನ ಅಣ್ಣ ಹಾಜಿ ಬಯೂಮಿ, ಬೂತಾಯಿ ಮೀನಿನಲ್ಲಿ ವಿಷ ಬೆರೆಸಿ ಮೆಟ್ಟಿಲ ಕೆಳಗಿನ ಬೆಕ್ಕುಗಳಿಗೆ ಹಾಕಿಸಿದರು, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎಲ್ಲವೂ ಸತ್ತಿದ್ದವು. ಎಲ್ಲವೂ ಅಲ್ಲ, ಒಂದು ಮರಿ ನನ್ನ ಅಡುಗೆಮನೆಯಲ್ಲಿದೆ, ಒಲೆಯ ಹಿಂದಿನಿಂದ ಸದ್ದು, ಕೆರ್ ಕೆರ್, ನಿಲ್ಲುತ್ತದೆ, ಮತ್ತೆ ಕೆರ್ — ಹಾಸಿಗೆ ಹಿಡಿದ ಗಂಡ ಶೌಕಿ ಗೋಡೆಯ ಸುಣ್ಣ ಕೆರೆಯುತ್ತಿದ್ದದ್ದು ಹೀಗೆಯೇ, ಮಾತು ನಿಂತ ಮೇಲೆ ನೀರಿಗೊಂದು ಕೆರೆತ, ಮಗ್ಗುಲು ಹೊರಳಿಸಲು ಎರಡು, ಅವನು ಮಣ್ಣಾಗಿ ಮೂರನೇ ತಿಂಗಳು ನಡೆಯುತ್ತಿದೆ, ಆದರೂ ಆ ಸದ್ದಿಗೆ ನನ್ನ ಕಾಲುಗಳು ನನ್ನನ್ನು ಕೇಳದೆ ಏಳುತ್ತವೆ, ಏಳಬೇಡ ನಿಅಮತ್, ನನಗೆ ನಾನೇ ಹೇಳಿಕೊಳ್ಳುತ್ತೇನೆ, ಕೂತಿರು, ಅದು ಬೆಕ್ಕು, ಹಸಿವಾದರೆ ಕೂಗುತ್ತದೆ — ಕೂಗಿದರೆ ಏನು ಕೊಡುತ್ತೀಯ, ಹಾಲಿನಲ್ಲಿ ಬ್ರೆಡ್ ನೆನೆಸಿಟ್ಟರೆ ಹಾಲು ನೆಕ್ಕಿ ಬ್ರೆಡ್ಡನ್ನು ಹಾಗೇ ಬಿಟ್ಟಿದೆ, ಮೀನು ಬೇಕು ಅದಕ್ಕೆ, ಮೀನು ಬೇಕೆಂದರೆ ಬಾಲ್ಕನಿಯಿಂದ ಬೀದಿಗೆ ಹಗ್ಗದಲ್ಲಿ ಬುಟ್ಟಿ ಇಳಿಸಬೇಕು, ಬುಟ್ಟಿ ಇಳಿಸಿದರೆ ಹಗ್ಗದ ಗಂಟಿಗೆ ನಿಲ್ಲುತ್ತದೆ.

ಆ ಗಂಟು, ಹಗ್ಗ ಹರಿದಾಗ ಶೌಕಿ ಹಾಕಿದ್ದು, ಹೊಸದು ತರ್ತೀನಿ, ಸದ್ಯಕ್ಕೆ ಇರಲಿ ಅಂದಿದ್ದ, ಈ ಮನೆಯಲ್ಲಿ ಸದ್ಯಕ್ಕೆ ಎಂದದ್ದೇ ಕೊನೆಗೆ ಉಳಿಯುವುದು, ಮೂರನೇ ಮಹಡಿಯ ನನ್ನ ಬಾಲ್ಕನಿಯಿಂದ ಬುಟ್ಟಿ ಇಳಿದರೂ ಏರಿದರೂ ಗಂಟು ಕಂಬಿಗೆ ಸಿಕ್ಕಿ ಅದು ಮೊದಲ ಮಹಡಿಯಲ್ಲಿ, ಸರಿಯಾಗಿ ಭಾವನ ಕಿಟಕಿಯೆದುರು ನಿಲ್ಲುತ್ತದೆ, ಹಗ್ಗ ಕೊಡವಿದರೆ ಮುಂದಕ್ಕೆ, ಅಷ್ಟರೊಳಗೆ ಅವರು ಇಣುಕಿರುತ್ತಾರೆ, ಒಬ್ಬಳಿಗೆ ಇಷ್ಟು ಬ್ರೆಡ್ ಯಾಕಮ್ಮ, ನೆಂಟರು ಬಂದವ್ರಾ. ಗಂಡ ಸತ್ತವಳು ಕಾಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು, ಬಾಲ್ಕನಿಯಲ್ಲಿ ಮುಖ ತೋರಬಾರದು, ಹಗ್ಗದ ಮೇಲೆ ಕೈ ಕಂಡರೆ ಸಾಕು, ಎಂದು ಅವರು ಬಾಗಿಲ ಹೊರಗೆ ನಿಂತೇ ಹೇಳಿಹೋದರು, ತಾವೂ ದಾಟಲಿಲ್ಲ, ದೇವರಿಗೆ ಹೆದರುವ ಮನುಷ್ಯ, ಗಂಡಸಿಲ್ಲದ ಮನೆಯೊಳಗೆ ಕಾಲಿಡುವವರಲ್ಲ, ವಿಷ ಬೆರೆಸುವಾಗಲೂ ಬಿಸ್ಮಿಲ್ಲಾ ಅಂದಿರುತ್ತಾರೆ. ಕೆಳಗೆ ಸೊಪ್ಪು ಮಾರುವ ಸಬ್ರಿಯ ಅಮ್ಮ ಮಾತ್ರ ಇದನ್ನು ಕೇಳಿ ಬೀದಿಗೆಲ್ಲ ಕೇಳುವಂತೆ ನಕ್ಕಿದ್ದಳು, ನಮ್ಮ ಯಜಮಾನ ಹೋದ ನಾಲ್ಕನೇ ದಿನ ಇಲ್ಲೇ ಬಂದು ಕೂತೆ ಕಣಕ್ಕಾ, ಹೊಟ್ಟೆಗೆಲ್ಲಿಯ ಇದ್ದತ್ತು. ಮರಿ ಇಲ್ಲಿಗೆ ಬಂದದ್ದು ಅವಳದೇ ಕೆಲಸ, ಮಂಗಳವಾರ ನಾನು ಮುಲುಖಿಯಾ ಸೊಪ್ಪಿಗೆಂದು ಬುಟ್ಟಿ ಇಳಿಸಿದ್ದೆ, ಪರದೆಯ ಹಿಂದೆ ನಿಂತು, ಕೆಳಗೆ ನೋಡದೆ, ತೂಕ ಜಾಸ್ತಿ ಅನ್ನಿಸಿತು, ಒದ್ದೆ ಸೊಪ್ಪು ಎಂದುಕೊಂಡೆ, ಎಳೆ ಸೊಪ್ಪು, ಹುಷಾರಾಗಿ ಬಿಡಿಸಕ್ಕಾ ಅಂತ ಕೂಗಿದಳು, ಬುಟ್ಟಿ ಗಂಟಿಗೆ ನಿಂತಿತು, ಭಾವನ ಕಿಟಕಿಯೆದುರು, ಕೊಡವಿದೆ, ಬಂತು, ಕಟ್ಟು ಎತ್ತಿದರೆ ಅಡಿಯಲ್ಲಿ ಎರಡು ಕಣ್ಣು. ಬಗ್ಗಿ ನೋಡಿದ್ದರೆ ಎಳೆದುಕೊಳ್ಳುತ್ತಿದ್ದೆನೇ, ಇಲ್ಲ, ವಾಪಸ್ ಕಳಿಸುತ್ತಿದ್ದೆ, ಬಗ್ಗಿ ಮುಖ ತೋರಬಾರದು ಎಂದವರಿಂದಲೇ ಇದು ಒಳಗೆ ಬಂತು.

ಮಾರನೆಯ ದಿನ ಸಬ್ರಿಯ ಅಮ್ಮ ಕೇಳಿದಳು, ಸಾಕೋದು ನಿಂಗಾಗುತ್ತಾ ಅಕ್ಕಾ, ಆಗದಿದ್ರೆ ಹೇಳು, ಬೇರೆ ಕಡೆ ನೋಡ್ತೀನಿ — ಈ ಪ್ರಶ್ನೆಗೆ ನನಗೆ ಉತ್ತರ ಕೊಟ್ಟು ಅಭ್ಯಾಸವಿಲ್ಲ, ಹದಿನೇಳಕ್ಕೆ ಮದುವೆ ಮಾಡುವಾಗ ಯಾರೂ ಕೇಳಲಿಲ್ಲ, ಅತ್ತೆಯನ್ನು ಮಂಚದ ಸಮೇತ ಹೊತ್ತು ತಂದಾಗ ಭಾವ ಕೇಳಿದ್ದು ಮಂಚ ಯಾವ ಗೋಡೆಗೆ ಹಾಕಲಿ ಅಂತ ಅಷ್ಟೇ, ಅತ್ತೆಯ ಬೆನ್ನಿನ ಹುಣ್ಣು, ಶೌಕಿಯ ಮೂತ್ರದ ಬಾಟಲಿ, ಕೈಗೆ ಅಂಟಿದ ಡೆಟಾಲಿನ ವಾಸನೆ, ಬ್ರೆಡ್ ಮುರಿದರೂ ಅದೇ, ಹೆಂಗಸಿಗೆ ಆಗುತ್ತದೆ, ಆಗಲೇಬೇಕು, ಒಂದು ಬೆಕ್ಕಿಗಾದರೆ ಮಾತ್ರ ಕೇಳುತ್ತಾರೆ, ಆಗುತ್ತಾ. ಆಗುತ್ತಾ ನಿಅಮತ್, ನಿಜ ಹೇಳು, ಇಲ್ಲಿ ಯಾರೂ ಇಲ್ಲ. ಆಗುವುದಿಲ್ಲ ಅನ್ನಿಸುತ್ತದೆ, ಮೊಣಕಾಲು ನೋವು, ಬೆಳಕು ಹರಿಯುವ ಮೊದಲೇ ಎದೆಯ ಮೇಲೆ ಹತ್ತಿ ಕೂಗುತ್ತದೆ, ಮತ್ತೆ ಒಂದು ಬಾಯಿ, ಮತ್ತೆ ಒಂದು ಹೊಲಸು ಬಳಿಯುವ ಕೆಲಸ, ನನ್ನ ಕೈಯಲ್ಲಿ ಅಕ್ಕರೆ ಉಳಿದಿದೆಯೋ ಬರೀ ರೂಢಿಯೋ ನನಗೇ ಗೊತ್ತಿಲ್ಲ, ಸಾಲದ್ದಕ್ಕೆ ಅದನ್ನೂ ಕೂಡಿಹಾಕಿದ್ದೇನೆ, ಬೆಕ್ಕನ್ನು ಕಟ್ಟಿಹಾಕಿ ಅನ್ನವನ್ನೂ ಕೊಡದೆ, ಬಿಟ್ಟೂ ಬಿಡದೆ ನರಕಕ್ಕೆ ಹೋದ ಹೆಂಗಸಿನ ಮಾತು ಅಜ್ಜಿ ಹೇಳುತ್ತಿದ್ದಳು, ಹೆಂಗಸನ್ನು ಕೂಡಿಹಾಕಿದವರು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದ್ದಕ್ಕೆ ತಲೆಗೆ ಮೊಟಕಿದಳು. ಆದರೆ ಈ ಮರಿ, ನೀರು ಕುಡಿದು ನನ್ನ ಕಡೆ ನೋಡುವುದೂ ಇಲ್ಲ, ಶೌಕಿಯ ಕುರ್ಚಿ ಏರಿ ಬೆನ್ನು ತಿರುಗಿಸಿ ಮಲಗುತ್ತದೆ, ಸೇವೆ ಸಾಕು ಹೋಗು ಎಂಬಂತೆ, ನಿನ್ನೆ ಅದರ ಪಕ್ಕ ನೆಲದಲ್ಲಿ ಕೂತು ನಾನೂ ನಿದ್ದೆ ಹೋದೆ, ನಡುಹಗಲಲ್ಲಿ, ಯಾರೂ ಕೂಗಲಿಲ್ಲ.

ಇದ್ದತ್ತು ಮುಗಿದ ದಿನವೇ ಕೆಳಗೆ ಬಂದುಬಿಡು, ಮಂಚ ಹಾಕಿಸಿದ್ದೀನಿ ಅಂದಿದ್ದಾರೆ ಭಾವ, ಲಕ್ವ ಹೊಡೆದ ಅವರ ಹೆಂಡತಿಯ ಮಂಚದ ಪಕ್ಕದಲ್ಲಿ, ಈ ಮನೆಗೆ ಅವರ ಮಗ ಮದುವೆಯಾಗಿ ಬರುತ್ತಾನಂತೆ, ಗೋಡೆಗೆ ಬಣ್ಣವೂ ನೋಡಿಯಾಗಿದೆ. ನಾನು ತಲೆಯಾಡಿಸಿದ್ದೆ, ತಲೆಯೂ ಕಾಲಿನ ಹಾಗೆಯೇ, ತಾನಾಗಿ ಆಡುತ್ತದೆ. ಚೆನ್ನಾಗಿ ನೋಡಿಕೊಂಡರೆ ಬೆಕ್ಕು ಹದಿನೈದು ವರ್ಷ ಬದುಕುತ್ತದಂತೆ, ಹಾಗಾದರೆ ಆ ಹದಿನೈದು ವರ್ಷವೂ ಈ ಒಲೆ ಇಲ್ಲೇ ಇರಬೇಕು, ಈ ಕುರ್ಚಿ, ನಾನು ಇರಬೇಕು, ಇಷ್ಟು ವರ್ಷ ನನಗೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು, ಮರಿಯನ್ನು ಸಾಕುವುದು ಕಷ್ಟವಲ್ಲ, ಹೇಳುವುದು ಕಷ್ಟ — ಬುಟ್ಟಿ ಇಳಿಸುತ್ತೇನೆ ಮೊದಲು, ಮೀನಿನ ತಲೆ ಹಾಕು ತಾಯಿ ಎಂದು ಸಬ್ರಿಯ ಅಮ್ಮನಿಗೆ ಕೂಗುತ್ತೇನೆ, ಹಗ್ಗ ಜಾರುತ್ತದೆ, ಗಂಟಿಗೆ ನಿಲ್ಲುತ್ತದೆ, ನಿನ್ನೆಯೂ ಮೀನಿನ ತಲೆ ಹೊತ್ತು ಅಲ್ಲೇ ನಿಂತಿತ್ತು, ಆ ಕಿಟಕಿಯೆದುರು, ಮೀನು ಮುಟ್ಟದವಳು ನಾನು ಅಂತ ಈ ಕಟ್ಟಡಕ್ಕೆಲ್ಲ ಗೊತ್ತು. ಬಾಗಿಲು ತಟ್ಟುತ್ತಿದ್ದಾರೆ, ಕೋಲಿನಿಂದ, ಮೂರು ಸಲ.

ಹಗ್ಗವನ್ನು ಕಂಬಿಗೆ ಸುತ್ತಿ ಬಂದು ಬಾಗಿಲು ತೆರೆದೆ, ಭಾವ ಹೊಸ್ತಿಲಿಂದ ಒಂದು ಗೇಣು ಹಿಂದೆ, ಕಣ್ಣು ನೆಲಕ್ಕೆ, ಮೀನಿನ ತಲೆ ಯಾರಿಗಮ್ಮ ಎಂದರು, ಅಷ್ಟರಲ್ಲಿ ಮರಿಯೇ ಉತ್ತರ ಕೊಟ್ಟಿತು, ಮಿಯಾಂವ್ ಅಂತ, ನನಗೆ ನಗು ಬಂತು, ಈ ಮೂರು ತಿಂಗಳಲ್ಲಿ ಮೊದಲ ಸಲ, ಅವರಿಗೆ ಬರಲಿಲ್ಲ. ನೀನೇ ಇನ್ನೊಬ್ಬರ ಆಸರೆಯಲ್ಲಿರೋಳು, ನೀನು ಬೆಕ್ಕು ಸಾಕ್ತೀಯಾ, ಕೆಳಗೆ ಕಾವಲುಗಾರ ಚೀಲ ಹಿಡಿದು ನಿಂತಿದ್ದಾನೆ, ಬುಟ್ಟೀಲಿ ಹಾಕಿ ಇಳಿಸು. ಮರಿ ಬಂದು ನನ್ನ ಪಾದದ ಮೇಲೆ ಕೂತಿತು, ಬಿಸಿ, ಒಂದು ಹಿಡಿ ಬಿಸಿ, ಭಾವನ ಕೋಲಿನ ತುದಿ ಹೊಸ್ತಿಲ ತನಕ ಬಂತು, ನಿಂತಿತು, ಒಳಗೆ ಬರಲಾರರು, ಅವರೇ ಎಳೆದ ಗೆರೆ, ನನ್ನನ್ನು ಇಷ್ಟು ದಿನ ಒಳಗಿಟ್ಟದ್ದು ಇವತ್ತು ಅವರನ್ನು ಹೊರಗಿಟ್ಟಿದೆ, ಇನ್ನೂ ಸ್ವಲ್ಪ ದಿನ, ಆಮೇಲೆ, ಆಮೇಲೆ ಗೆರೆ ನಾನೇ ಎಳೆಯಬೇಕು, ಆಗುತ್ತಾ ನಿಅಮತ್, ಕಾಲು ಏಳಲಿಲ್ಲ, ತಲೆ ಆಡಲಿಲ್ಲ, ಇಳಿಸು ಅಂದೆನಲ್ಲ ಎನ್ನುತ್ತಿದ್ದಾರೆ, ಕೆಳಗೆ ಚೀಲ ಬಾಯಿ ತೆರೆದಿದೆ, ಅದರ ಮೇಲೆ ಬುಟ್ಟಿ, ಖಾಲಿ, ಗಂಟಿಗೆ ನಿಂತು ಮೆಲ್ಲಗೆ ತಿರುಗುತ್ತಿದೆ, ಕೊಡವಬೇಕು, ಕೊಡವಿದರೆ ಇಳಿಯುತ್ತದೆ, ಹಗ್ಗದ ಮೇಲೆ ನನ್ನ ಕೈ ಇಲ್ಲ — ಇಳಿಸೋದಿಲ್ಲ ಭಾವ, ಇದನ್ನೂ ಇಳಿಸೋದಿಲ್ಲ, ನಾನೂ ಇಳಿಯೋದಿಲ್ಲ, ಬಾಯಿಬಿಟ್ಟೇ ಅಂದೆ — ಬುಟ್ಟಿ, ಗಂಟಿಗೆ ನಿಂತ ಬುಟ್ಟಿ, ಅವರ ಕಿಟಕಿಯೆದುರು, ಖಾಲಿ.