ಅವಳೊಬ್ಬಳಿಗೆ ಐದು ಗಂಟೆ

"ಇಷ್ಟು ಬೇಗ ಬಂದ್ಬಿಟ್ಯಲ್ಲಮ್ಮಾ! ಬೀಳ್ಕೊಡೋ ಊಟಕ್ಕೆ ಎಲ್ಲರಿಗೂ ಏಳಕ್ಕೆ ಅಂತ ಹೇಳಿದಾಳಲ್ಲ ಅವಳು?"

ಬಾಗಿಲು ತೆಗೆದವರು ಗೆಳತಿಯ ಚಿಕ್ಕಮ್ಮ. ನಾಳೆ ಕೆಲಸಕ್ಕೆಂದು ದೂರದ ಊರಿಗೆ ಹೊರಟಿದ್ದ ಮಗಳಂಥವಳಿಗೆ ಸಾಮಾನು ಕಟ್ಟಿಕೊಡಲು ಬಂದಿದ್ದರು.

"ಅವಳು ಪೇಟೆಗೆ ಹೋಗಿದಾಳೆ. ಐದಕ್ಕೆ ಬಾ ಅಂದಿರೋದು ಒಬ್ಬಳಿಗೇ ಅಂತೆ. ಅದ್ಯಾರೋ ನೊಣದಕ್ಕ! ಹೊತ್ತಿಗೆ ಸರಿಯಾಗಿ ಬಂದಿದ್ದೇ ಇಲ್ವಂತೆ ಆ ಹುಡುಗಿ. ಐದು ಅಂದ್ರೆ ಏಳಕ್ಕಾದ್ರೂ ಬಂದಾಳು ಅಂತ ಎಲ್ಲರೂ ಸೇರಿ ಮಾಡಿರೋ ಉಪಾಯ." ಚಿಕ್ಕಮ್ಮ ಮನಸಾರೆ ನಕ್ಕರು. ಹೊಸ್ತಿಲಾಚೆ ನಿಂತಿದ್ದ ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು?

"ನಾನೇ ತಪ್ಪು ತಿಳ್ಕೊಂಡೆ ಅನ್ಸುತ್ತೆ. ಆಮೇಲೆ ಬರ್ತೀನಿ."

"ಒಳಗೆ ಕೂತ್ಕೋ ಬಾಮ್ಮಾ" ಎನ್ನುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ನೊಣದಕ್ಕ ಎಂಬ ಹೆಸರೇನೂ ಸುಳ್ಳಲ್ಲ. ಊರವರೆಲ್ಲ ಕೆಲಸವಿಲ್ಲದೆ ನೊಣ ಹೊಡೆದರೆ ನನ್ನ ಮಗಳು ನೊಣ ಸಾಕಿ ಡಾಕ್ಟರೇಟ್ ಮಾಡುತ್ತಾಳೆ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹಣ್ಣಿನ ನೊಣಗಳು ಕೋಶದಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಹೆಣ್ಣುಗಳನ್ನು ಬೇರೆ ಸೀಸೆಗೆ ಹಾಕಬೇಕು. ಗಂಡಿನೊಡನೆ ಕೂಡಿದವೋ, ಆ ತಂಡ ಪ್ರಯೋಗಕ್ಕೆ ದಂಡ. ನೊಣಗಳಿಗೆ ಭಾನುವಾರವೂ ಇಲ್ಲ, ಗೆಳತಿಯರ ಹುಟ್ಟುಹಬ್ಬವೂ ತಿಳಿಯದು. "ಇನ್ನು ಹತ್ತೇ ನಿಮಿಷ ಕಣೆ, ಬಂದೆ" ಎಂದು ಫೋನಿನಲ್ಲಿ ಹೇಳಿಹೇಳಿಯೇ ಅವಳ ವರ್ಷಗಳು ಕಳೆದಿದ್ದವು.

ಇವತ್ತು ಮಾತ್ರ ಹಾಗಾಗಕೂಡದೆಂದು ಹಟ ತೊಟ್ಟಿದ್ದಳು. ಪಕ್ಕದ ಮೇಜಿನಲ್ಲಿ ಕೂತು, ಅವಳ ಅರ್ಧ ಚಹಾ ಕುಡಿದು, ಅತ್ತಾಗ ಬೈದು ಸುಮ್ಮನಾಗಿಸಿದವಳು ನಾಳೆ ಇರುವುದಿಲ್ಲ. ಸೋಮವಾರ ಮಾರ್ಗದರ್ಶಕರಿಗೆ ಕೊಡಬೇಕಾದ ಅಧ್ಯಾಯಕ್ಕೆ ಈ ಸಂಜೆಯ ನೊಣಗಳೇ ಆಧಾರ. ಹಾಳಾಗಿ ಹೋಗಲಿ ಎಂದು ಲ್ಯಾಬಿಗೆ ಬೀಗ ಹಾಕಿ ಬಂದಿದ್ದಳು.

ಮರಳಿ ಹೋದರೂ ಪ್ರಯೋಜನವಿರಲಿಲ್ಲ. ತಲುಪುವಷ್ಟರಲ್ಲಿ ಸೀಸೆಯೊಳಗೆ ಮದುವೆಗಳೆಲ್ಲ ಮುಗಿದಿರುತ್ತವೆ. ಬೀದಿಯ ಕೊನೆಯ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಳು. ಬಸ್ಸುಗಳು ನಿಂತವು, ಹೋದವು. ಒಬ್ಬ ಕಂಡಕ್ಟರ್ "ಹತ್ತೋದಾದ್ರೆ ಹತ್ತಮ್ಮಾ" ಎಂದು ಗದರಿದ.

ಸಿಟ್ಟು ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಜೊತೆಗಿರುತ್ತಿತ್ತು. ಅವರು ಮಾಡಿದ್ದು ಕೇಡಿನಿಂದಲ್ಲ, ಅವಳು ಬರಲೇಬೇಕೆಂಬ ಆಸೆಯಿಂದಲೇ. ಆದರೆ ಎಲ್ಲರೂ ಒಂದು ಕಡೆ ಕೂತು ಅವಳ ವಿಷಯ ಮಾತಾಡಿ ನಕ್ಕಾಗ ಅವಳು ಅಲ್ಲಿರಲಿಲ್ಲ. ಯಾವಾಗ ತಾನೇ ಇದ್ದಳು? ಏಳಕ್ಕೆ ಮುಂಚೆ ಗೆಳೆಯರ ಗುಂಪು ಗಲಗಲ ಎನ್ನುತ್ತ ಬಸ್ಸಿಳಿದಾಗ ಅವಳು ಮುಖ ಆಚೆ ತಿರುಗಿಸಿದಳು. ಯಾರೂ ನೋಡಲಿಲ್ಲ.

ಅವರೆಲ್ಲ ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ಎದ್ದು ಹೋದಳು.

"ನೊಣದಕ್ಕ ಬಂದ್ಲಪ್ಪಾ, ಅಂತೂ ಇಂತೂ!" ಇಡೀ ಕೋಣೆ ಚಪ್ಪಾಳೆ ತಟ್ಟಿತು. ಒಬ್ಬ ಇನ್ನೊಬ್ಬನ ಕಡೆ ಕಣ್ಣು ಮಿಟುಕಿಸಿದ. ಗೆಳತಿ ಬಂದು ತಬ್ಬಿಕೊಂಡಳು. ನಗುತ್ತಲೇ ಇದ್ದಳು, ಆದರೆ ತಬ್ಬಿದ ಕೈ ಸಡಿಲಿಸಲಿಲ್ಲ.

"ಐದಕ್ಕೆ ಬಾ ಅಂದಿದ್ನಲ್ಲೇ. ಇವತ್ತೊಂದಿನ ಕೂಡ ಆ ನೊಣಗಳನ್ನ ಬಿಟ್ಟು ಬರೋಕಾಗ್ಲಿಲ್ವಾ ನಿಂಗೆ?"

ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಸೌಟು ಹಿಡಿದು ನಿಂತಿದ್ದರು. ಐದಕ್ಕೇ ಬಂದು ಹೋಗಿದ್ದ ಅವಳನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಗೆಳತಿಯ ಹೆಗಲ ಮೇಲಿಂದಲೇ ಅವಳು ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳು.

"ಆಗ್ಲಿಲ್ಲ ಕಣೆ" ಎಂದಳು. "ತಪ್ಪಾಯ್ತು."

ಮತ್ತೆ ಹರಟೆ ಶುರುವಾಯಿತು. ಚಿಕ್ಕಮ್ಮ ಎಲ್ಲರನ್ನೂ ದಾಟಿ ಬಂದು ಮೊದಲು ಅವಳ ತಟ್ಟೆಗೆ ಅನ್ನ ಬಡಿಸಿದರು. ಸಾಕು ಎಂದರೂ ಇನ್ನೊಂದು ಸೌಟು ಹಾಕಿದರು. ಆಮೇಲೂ ಮುಂದಿನವರ ಕಡೆ ಹೋಗದೆ, ಪಾತ್ರೆ ಹಿಡಿದುಕೊಂಡು ಅವಳ ಪಕ್ಕದಲ್ಲೇ ನಿಂತಿದ್ದರು.