ಬರಿ ಬಟ್ಟಲು

ನಾನು ಒಂದು ಕಂಚಿನ ಬಟ್ಟಲು. ಬೀಳುವುದೆಂದರೆ ನನಗೆ ಹುಟ್ಟಿನಿಂದಲೇ ಭಯ. ಹಿತ್ತಾಳೆ ಬಿದ್ದರೆ ತಗ್ಗು ಬೀಳುತ್ತದೆ, ಸ್ಟೀಲು ಬಿದ್ದರೆ ಗಲಾಟೆ ಮಾಡಿ ಸುಮ್ಮನಾಗುತ್ತದೆ. ಕಂಚು ಬಿದ್ದರೆ ಒಡೆಯುತ್ತದೆ. ಕಾರ್ಕಳದ ಹತ್ತಿರ ಒಂದು ಕುಲುಮೆಯಲ್ಲಿ ತಾಮ್ರ, ತವರ ಎರಡನ್ನೂ ಕರಗಿಸಿ ನನ್ನನ್ನು ಎರಕ ಹೊಯ್ದ ಕಂಚುಗಾರ, ಮಣ್ಣಿನ ಅಚ್ಚು ಒಡೆದು ನನ್ನನ್ನು ಹೊರತೆಗೆಯುವಾಗ ಆಡಿದ ಮಾತು "ಮೆಲ್ಲ, ಮೆಲ್ಲ" ಎಂದು. ನಾನು ಕೇಳಿದ ಮೊದಲ ಮಾತು ಅದು. ಆಮೇಲೆ ಉಗುರಿನಿಂದ ನನ್ನ ಅಂಚನ್ನು ತಟ್ಟಿ ಕಿವಿ ಹತ್ತಿರ ತಂದ. ನನ್ನೊಳಗಿನಿಂದ ಏನೋ ಒಂದು ಎದ್ದು, ಸುತ್ತಿ ಸುತ್ತಿ, ತುಂಬ ಹೊತ್ತಿನ ಮೇಲೆ ಆರಿತು. "ಸ್ವರ ಉಂಟು" ಎಂದು ಅವನು ನನ್ನನ್ನು ಬದಿಗಿಟ್ಟ.

ಯಮುನಕ್ಕನ ಮದುವೆಗೆ ಅವರ ಸೋದರಮಾವ ನನ್ನನ್ನು ಕೊಂಡು ಉಡುಗೊರೆ ಕೊಟ್ಟರು. ಹಾಗೆ ನಾನು ಮಂಗಳೂರಿನ ಒಂದು ಗುಡ್ಡೆಯ ಮೇಲಿನ ಸಣ್ಣ ಹಂಚಿನ ಮನೆಗೆ ಬಂದೆ. ಬೆಳಿಗ್ಗೆ ಕುಚಲಕ್ಕಿ ಗಂಜಿ, ಪಕ್ಕದಲ್ಲಿ ಒಂದಿಷ್ಟು ಚಟ್ನಿ. ಯಮುನಕ್ಕ ಉಣ್ಣುವ ಮೊದಲು ತಮ್ಮ ಅಂಗೈಯನ್ನು ನನ್ನ ಹೊಟ್ಟೆಗೆ ಒತ್ತಿ ಬಿಸಿ ನೋಡುತ್ತಿದ್ದರು. ಉಂಡಾದ ಮೇಲೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ, ಒರೆಸಿ, ಕಟ್ಟೆಯ ಮೇಲೆ ಕವಚಿಡುತ್ತಿದ್ದರು. ತಿಕ್ಕುವಾಗ ಅವರ ಮುಖ ನನ್ನ ತಳದಲ್ಲಿ ಕಾಣುತ್ತಿತ್ತು. ಆ ಮುಖದಲ್ಲಿ ಸಂತೋಷವಿರಲಿಲ್ಲ, ದುಃಖವೂ ಇರಲಿಲ್ಲ. ಬಟ್ಟಲು ತಿಕ್ಕುವುದೊಂದೇ ಇತ್ತು. ಗಂಡ ತೀರಿಕೊಂಡ ವರ್ಷದಲ್ಲಿಯೂ ಹಾಗೆಯೇ ಇತ್ತು.

ಆ ಮನೆಗೆ ಎರಡು ಕಟ್ಟಳೆಗಳಿದ್ದವು. ಬಡಿಸಿದವರು ಉಣ್ಣುವವರ ಎದುರಿನಿಂದ ಏಳಬಾರದು. ಬರಿ ಬಟ್ಟಲನ್ನು ಬಡಿಯಬಾರದು. ಮಗಳು ಜಲಜಾಕ್ಷಿ ಸಣ್ಣವಳಿದ್ದಾಗ ಗಂಜಿ ಮುಗಿಸಿ ಚಮಚದಿಂದ ನನ್ನ ಅಂಚಿಗೆ ಹೊಡೆದು ನಾದ ಎಬ್ಬಿಸುತ್ತಿದ್ದಳು. ಯಮುನಕ್ಕ ಅಡುಗೆಮನೆಯಿಂದಲೇ ಗದರುತ್ತಿದ್ದರು: "ಏ ಹೆಣ್ಣೇ, ಬರಿ ಬಟ್ಟಲು ಬಡಿಬಾರ್ದು. ಮನೆಗೆ ದರಿದ್ರ ಬರ್ತದೆ."

"ಬಂದಾಗಿದೆಯಲ್ಲ" ಎನ್ನುತ್ತಿದ್ದಳು ಮಗಳು. ಬೆನ್ನಿಗೊಂದು ಬೀಳುತ್ತಿತ್ತು.

ಮುಂದೆ ಸ್ಟೀಲಿನ ಪಾತ್ರೆಗಳು ಬಂದವು. ನಾನು ಅಟ್ಟ ಸೇರಿದೆ. ಅಟ್ಟದಲ್ಲಿ ಬೀಳುವ ಭಯವೊಂದು ಇರಲಿಲ್ಲ, ಉಳಿದ ಯಾವುದೂ ಇರಲಿಲ್ಲ. ಜಲಜಾಕ್ಷಿ ಓದಿ ಕಾಲೇಜಿನಲ್ಲಿ ಪಾಠ ಮಾಡುವವಳಾದಳೆಂದು, ಮದುವೆ ಬೇಡವೆಂದಳೆಂದು, ಕೆಳಗಿನ ಮಾತುಗಳಿಂದ ತಿಳಿಯುತ್ತಿತ್ತು. ಒಂದು ದಿನ ಅವಳ ಕೈ ಕತ್ತಲಲ್ಲಿ ತಡಕಾಡಿ ನನ್ನನ್ನು ಹುಡುಕಿ ತೆಗೆಯಿತು.

"ಅಮ್ಮ, ಇದನ್ನು ನಾನು ಲಿಗೋರಿ ಸರ್‌ನವರಲ್ಲಿಗೆ ಕೊಂಡುಹೋಗ್ತೇನೆ. ಧ್ಯಾನಕ್ಕೆ ಗಂಟೆ ಬೇಕಂತೆ."

"ಬರಿ ಬಟ್ಟಲು ಬಡಿಯುದಾ?" ಯಮುನಕ್ಕ ಕೇಳಿದರು. "ಅನ್ನ ಇರುವ ಬಟ್ಟಲಿಗೆ ಬಾರದ ದೇವ್ರು ಬರಿ ಬಟ್ಟಲಿಗೆ ಬರ್ತದಾ?"

"ಅಲ್ಲಿ ದೇವ್ರು ಗೀವ್ರು ಇಲ್ಲ. ಸುಮ್ಮನೆ ಕೂರುದು."

"ಸುಮ್ಮನೆ ಕೂರ್ಲಿಕ್ಕೆ ಬಸ್ಸು ಹತ್ತಿ ಹೋಗ್ಬೇಕಾ?"

ಜಲಜಾಕ್ಷಿ ನನ್ನನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಟಳು.

ಲಿಗೋರಿ ಸರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಹರೆಯದಲ್ಲಿ ಜಪಾನಿನ ಒಂದು ಝೆನ್ ಮಠದಲ್ಲಿ ಕೆಲವು ವರ್ಷ ಇದ್ದು ಬಂದಿದ್ದರು. ಕ್ರೈಸ್ತರ ಇಗರ್ಜಿಯ ಹಿಂದಿನ ಅವರ ಮನೆಯ ಮಹಡಿಯಲ್ಲಿ ಬೆಳಿಗ್ಗೆ ಬೇಗ ಕೆಲವರು ಬಂದು ಚಾಪೆಯ ಮೇಲೆ, ಗೋಡೆಗೆ ಮುಖಮಾಡಿ, ಕಣ್ಣು ಅರ್ಧ ತೆರೆದು ಕೂರುತ್ತಿದ್ದರು. ಮಂತ್ರವಿಲ್ಲ, ಮೂರ್ತಿಯಿಲ್ಲ. "ಕೂರುವಾಗ ಕೂರಿ, ಅಷ್ಟೇ" ಎನ್ನುತ್ತಿದ್ದರು ಸರ್. ನನ್ನನ್ನು ಒಂದು ಪುಟ್ಟ ದಿಂಬಿನ ಮೇಲಿಟ್ಟು, ಬಟ್ಟೆ ಸುತ್ತಿದ ಕೋಲಿನಿಂದ ತಟ್ಟಿದರೆ ಧ್ಯಾನ ಶುರು. ಮತ್ತೆ ತಟ್ಟಿದರೆ ಮುಗಿಯಿತು. ನನ್ನ ಸ್ವರ ಪೂರ್ತಿ ಆರುವವರೆಗೆ ಯಾರೂ ಅಲುಗಾಡಬಾರದು ಎಂಬುದು ಅಲ್ಲಿಯ ಕಟ್ಟಳೆ.

ನನಗೆ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಗಂಜಿಯ ಹೊತ್ತಿಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಕೂರುವುದು ಅಭ್ಯಾಸವಾಗಲು ಬಹಳ ಕಾಲ ಬೇಕಾಯಿತು.

ನನ್ನನ್ನು ತಟ್ಟುವ ಕೆಲಸ ಜಲಜಾಕ್ಷಿಯ ಪಾಲಿಗೆ ಬಂತು. ಬರುವಾಗ ಗಂಟು ಹಾಕಿದಂತಿರುತ್ತಿದ್ದ ಅವಳ ಹುಬ್ಬುಗಳು ಹೋಗುವಾಗ ಬಿಚ್ಚಿಕೊಂಡಿರುತ್ತಿದ್ದವು.

"ಮನೆಯಲ್ಲಿ ಸಿಗದ ಶಾಂತಿ ಇಲ್ಲಿ ಸಿಗ್ತದೆ ಸರ್" ಎಂದಳು ಒಮ್ಮೆ.

"ಹಾಗಾದ್ರೆ ಸಿಕ್ಕಿದ್ದು ಶಾಂತಿ ಅಲ್ಲ, ಬೇರೆ ಎಂತದೋ" ಎಂದರು ಸರ್, ಚಾಪೆ ಸುರುಳಿ ಸುತ್ತುತ್ತಾ.

ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಜಲಜಾಕ್ಷಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಕೊನೆಗೊಮ್ಮೆ ಬಂದಾಗ ಮುಖ ಸಣ್ಣದಾಗಿತ್ತು. ಯಮುನಕ್ಕನಿಗೆ ಸ್ಟ್ರೋಕ್ ಆಗಿತ್ತು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಬೆಳಗಿನ ಹೊತ್ತು ನೆರೆಮನೆಯ ಬೇಬಿಯಕ್ಕ ಬಂದು ಕೂರುತ್ತಿದ್ದಳು. ಹಾಗಾಗಿ ಜಲಜಾಕ್ಷಿ ಮತ್ತೆ ಮಹಡಿಗೆ ಬರತೊಡಗಿದಳು. ಆದರೆ ಈಗ ಹೋಗುವಾಗಲೂ ಹುಬ್ಬು ಬಿಚ್ಚುತ್ತಿರಲಿಲ್ಲ.

"ಅಮ್ಮ ಉಣ್ಣುದಿಲ್ಲ ಸರ್. ಚಮಚ ಬಾಯಿಗೆ ತಂದ್ರೆ ಮುಖ ತಿರುಗಿಸ್ತಾರೆ. ಹೀಗೇ ಆದ್ರೆ ಮೂಗಿಗೆ ನಳಿಗೆ ಹಾಕ್ಬೇಕಾಗ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ. ಅಮ್ಮನಿಗೆ ಆ ನಳಿಗೆ ಹಾಕುದು ನನ್ನಿಂದ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ."

ಸರ್ ತಲೆಯಾಡಿಸಿದರು.

ಅದೇ ವಾರ ನಾನು ಬಿದ್ದೆ. ಅವಳು ನನ್ನನ್ನು ಕಪಾಟಿನಿಂದ ದಿಂಬಿನ ಕಡೆಗೆ ಒಯ್ಯುತ್ತಿದ್ದಳು. ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ನಡುಗಿತು. ಬೇಬಿಯಕ್ಕನ ಕರೆ. ಅವಳ ಕೈ ಅತ್ತ ಹೋಯಿತು, ನಾನು ಇತ್ತ ಜಾರಿದೆ. ಒಂದು ಜೀವಮಾನ ಹೆದರಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಯಿತು. ಸಿಮೆಂಟಿನ ನೆಲಕ್ಕೆ ನನ್ನ ಅಂಚು ಬಡಿಯಿತು.

"ಇವತ್ತೂ ಒಂದು ತುತ್ತು ಇಳಿಯಲಿಲ್ಲ ಮಾರಾಯ್ತಿ" ಎನ್ನುತ್ತಿತ್ತು ಫೋನು.

ಸರ್ ನನ್ನನ್ನು ಎತ್ತಿ ಕೋಲಿನಿಂದ ತಟ್ಟಿದರು. "ತಟ್" ಎಂದೆ. ಅಷ್ಟೇ. ಒಳಗಿನಿಂದ ಏಳುತ್ತಿದ್ದುದು ಏಳಲಿಲ್ಲ. ಅಂಚಿನಿಂದ ಕೆಳಗೆ ಕೂದಲೆಳೆಯಷ್ಟು ಬಿರುಕು. ಜಲಜಾಕ್ಷಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸರ್ ಹೂಜಿಯಿಂದ ನನಗೆ ಅರ್ಧದವರೆಗೆ ನೀರು ಹೊಯ್ದು, ಎತ್ತಿ ತಳ ನೋಡಿದರು. ಸೋರಲಿಲ್ಲ.

"ಇದ್ರ ಗಂಟೆ ಕೆಲಸ ಮುಗೀತು" ಎಂದರು. "ಗಂಜಿ ನಿಲ್ತದೆ. ಮನೆಗೆ ಕೊಂಡುಹೋಗಿ."

"ಇಲ್ಲಿ ಗಂಟೆ?"

"ಇಗರ್ಜಿ ಗಂಟೆ ಉಂಟಲ್ಲ. ಪುಕ್ಕಟೆ."

ಹಾಗೆ ನಾನು ಹಂಚಿನ ಮನೆಗೆ ಮರಳಿದೆ. ಯಮುನಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅವರನ್ನು ಕಂಡರೂ ನಾನು ಗುರುತು ಹಿಡಿಯಲಿಲ್ಲ. ತಿಕ್ಕುವಾಗ ನನ್ನ ತಳದಲ್ಲಿ ಕಾಣುತ್ತಿದ್ದ ಮುಖ ಒಂದು ಬದಿಗೆ ಜಾರಿತ್ತು.

"ಬಂದಿಯಾ?" ಎಂದಳು ಬೇಬಿಯಕ್ಕ. "ನೀನು ಅಲ್ಲಿ ಕಣ್ಣು ಮುಚ್ಚಿ ಕೂರುದು, ಇಲ್ಲಿ ನಿನ್ನ ಅಮ್ಮ ಬಾಯಿ ಮುಚ್ಚಿ ಕೂರುದು. ಒಳ್ಳೆ ಜೋಡಿ."

"ನಾವು ಕಣ್ಣು ಮುಚ್ಚುದಿಲ್ಲ ಬೇಬಿಯಕ್ಕ. ಅರ್ಧ ತೆರೆದಿರ್ತದೆ."

"ಯಮುನಕ್ಕನದ್ದು ಪೂರ್ತಿ ತೆರೆದುಂಟು. ನಿನ್ನ ದಾರಿಯನ್ನೇ ನೋಡ್ತಾ ಇರ್ತಾರೆ." ಬೇಬಿಯಕ್ಕ ಚಪ್ಪಲಿ ಮೆಟ್ಟಿ ಹೊರಟಳು.

ಮಂಚದ ಪಕ್ಕದಲ್ಲಿ ಹಗುರವಾದ ಪ್ಲಾಸ್ಟಿಕ್ ಬಟ್ಟಲೊಂದಿತ್ತು. ಅದರಲ್ಲಿ ಆಸ್ಪತ್ರೆಯವರು ಹೇಳಿದ ಪುಡಿಯ ಅಂಬಲಿ ಆರಿ ಗಟ್ಟಿಯಾಗಿತ್ತು. ಜಲಜಾಕ್ಷಿ ಇಷ್ಟು ದಿನ ಅದನ್ನು ಎಡಗೈಯಲ್ಲಿ ಹಿಡಿದು, ನಿಂತುಕೊಂಡೇ, ಗಡಿಯಾರ ನೋಡುತ್ತಾ ತಿನ್ನಿಸುತ್ತಿದ್ದಳೆಂದು ಅದರ ಹಗುರ, ಎದುರಿನ ಗೋಡೆಯ ಗಡಿಯಾರ ಎರಡನ್ನೂ ಕಂಡು ನನಗೆ ಅಂದಾಜಾಯಿತು. ಅಂದು ಅವಳು ಕುಚಲಕ್ಕಿ ಗಂಜಿಯನ್ನು ನುಣ್ಣಗೆ ಕಿವುಚಿ ನನಗೆ ಬಡಿಸಿದಳು. ಬಡಿಸಿ, ನನ್ನನ್ನೂ ಒಂದೇ ಕೈಯಲ್ಲಿ ಎತ್ತಹೋದಳು. ಆಗಲಿಲ್ಲ. ನಾನು ಭಾರ. ಬಿಸಿಗಂಜಿ ತುಂಬಿದ ಕಂಚು ಕೈ ಸುಡುತ್ತದೆ. ಬಿರುಕು ಬಿಟ್ಟ ನನ್ನನ್ನು ಮತ್ತೆ ಬೀಳಿಸುವ ಧೈರ್ಯ ಅವಳಿಗಿರಲಿಲ್ಲ. ಸ್ಟೂಲು ಎಳೆದು ತಾಯಿಯ ಎದುರು ಕುಳಿತು, ಬಟ್ಟೆ ಮಡಿಸಿ ತೊಡೆಯ ಮೇಲಿಟ್ಟು, ನನ್ನನ್ನು ಅದರ ಮೇಲಿಟ್ಟುಕೊಂಡಳು.

ಅಷ್ಟು ವರ್ಷ ಗೋಡೆಯ ಎದುರು ಕೂತವಳು ತಾಯಿಯ ಎದುರು ಕೂತದ್ದು ಆಗಲೇ.

ಗಂಜಿ ಆರಲು ಕಾಯಬೇಕಿತ್ತು. ಕಾದಳು. ಯಮುನಕ್ಕ ನನ್ನನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಅವರ ಎಡಗೈ ಹೊದಿಕೆಯೊಳಗಿನಿಂದ ಬಂದು ನನ್ನ ಹೊಟ್ಟೆಗೆ ಅಂಗೈ ಒತ್ತಿತು. ಬಿಸಿ ನೋಡಿತು. ಆಮೇಲೆ ಬಾಯಿ ತೆರೆಯಿತು.

ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದಲ್ಲಿ ಇಳಿಯಿತು. ಜಲಜಾಕ್ಷಿ ಒರೆಸಿದಳು, ಮತ್ತೆ ಕೊಟ್ಟಳು. ದೂರದಲ್ಲಿ ಇಗರ್ಜಿ ಗಂಟೆ ಹೊಡೆದದ್ದೂ ಅವಳಿಗೆ ಕೇಳಿಸಿದಂತಿರಲಿಲ್ಲ.

ಇದರಿಂದ ಪವಾಡವೇನೂ ಆಗಲಿಲ್ಲ. ನಳಿಗೆ ತಪ್ಪಿತು, ಅಷ್ಟೇ. ಯಮುನಕ್ಕ ದಿನದಿನಕ್ಕೆ ಸಣ್ಣಗಾಗುತ್ತಲೇ ಹೋದರು. ಜಲಜಾಕ್ಷಿಗೆ ಕೆಲವು ದಿನ ಸಿಟ್ಟು ಬರುತ್ತಿತ್ತು, ಕೆಲವು ದಿನ ಅಳುತ್ತಿದ್ದಳು. ಆಗೆಲ್ಲ ತುತ್ತು ತಪ್ಪಿ ನನ್ನೊಳಗೇ ಬೀಳುತ್ತಿತ್ತು. ಆದರೆ ಅವಳು ಎದ್ದು ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಂಜಿ ಮುಗಿದಿತ್ತು. ಕಾಲೇಜಿಗೆ ಹೊತ್ತಾಗಿತ್ತು. ಅವಳು ನನ್ನನ್ನು ಮಂಚದ ಅಂಚಿನಲ್ಲಿಟ್ಟು ಏಳಹೊರಟಳು. ಹಿಂದಿನಿಂದ "ತಟ್" ಎಂದಿತು. ತಿರುಗಿದಳು. ಯಮುನಕ್ಕ ಎಡಗೈಯಲ್ಲಿ ಚಮಚ ಹಿಡಿದು ನನ್ನನ್ನು ಬಡಿದಿದ್ದರು. ಬರಿ ಬಟ್ಟಲನ್ನು. ಆ ಕೈಯಿಂದ ನಾನು ಪೆಟ್ಟು ತಿಂದದ್ದು ಅದೊಂದೇ ಸಲ. ಅವರ ಬಾಯಿಯ ಓರೆ ಇನ್ನಷ್ಟು ಓರೆಯಾಯಿತು. ಅದು ನಗುವೋ ಅಳುವೋ ತಿಳಿಯಲಿಲ್ಲ. ಜಲಜಾಕ್ಷಿ ಗದರಲಿಲ್ಲ. ಮೆಲ್ಲನೆ ಸ್ಟೂಲಿನ ಮೇಲೆ ಕುಳಿತಳು. ಆರಲು ನನ್ನಲ್ಲಿ ಸ್ವರವೇ ಇರಲಿಲ್ಲ. ಆದರೂ ಅದು ಪೂರ್ತಿ ಆರುವವರೆಗೆ ಎಂಬಂತೆ ಅಲುಗಾಡದೆ ಕುಳಿತಳು.

ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಯಮುನಕ್ಕ ತೀರಿಕೊಂಡರು. ನನ್ನೊಳಗೆ ಉಳಿದಿದ್ದ ಗಂಜಿಗೆ ಕೆನೆ ಕಟ್ಟಿತ್ತು.

ಲಿಗೋರಿ ಸರ್ ಬಂದು ಜಗಲಿಯಲ್ಲಿ ತುಂಬ ಹೊತ್ತು ಕುಳಿತರು. ಹೊರಡುವಾಗ ಜಲಜಾಕ್ಷಿ, "ಇನ್ನು ಬೆಳಿಗ್ಗೆ ಬರಬಹುದು ಸರ್. ಪುರುಸೊತ್ತುಂಟು" ಎಂದಳು.

"ಬನ್ನಿ" ಎಂದರು ಸರ್. "ಗಂಜಿ ಉಂಡು ಬನ್ನಿ."

ಈಗ ಅವಳು ನನ್ನಲ್ಲೇ ಉಣ್ಣುತ್ತಾಳೆ. ಅವಳ ಕೂದಲೂ ನೆರೆತಿದೆ, ನನ್ನ ಬಿರುಕೂ ಇಳಿಯುತ್ತಿದೆ. ಅದು ತಳ ಮುಟ್ಟಿದ ದಿನ ಗುಜರಿಯವನು ಬರುತ್ತಾನೆ. ಆ ಭಯ ಇನ್ನೂ ಹೋಗಿಲ್ಲ. ಹೋಗುವುದೂ ಇಲ್ಲವೇನೋ. ಗಂಟೆಯಾಗಿದ್ದಾಗ ನನ್ನನ್ನು ಕೇಳಿ ಜನ ಕಣ್ಣು ತಗ್ಗಿಸುತ್ತಿದ್ದರು. ಆದರೆ ಈಗ ನೆನಪಿಗೆ ಬರುವುದು ಬಿಸಿ ನೋಡಿದ ಆ ಅಂಗೈ ಒಂದೇ.

ಇವತ್ತು ಉಂಡಾದ ಮೇಲೆ ಅವಳು ಏಳಲಿಲ್ಲ. ಎದುರಿಗೆ ಖಾಲಿ ಮಂಚ. ಚಮಚ ಹಿಡಿದ ಕೈ ಮೆಲ್ಲಗೆ ಮೇಲೆದ್ದು ನನ್ನ ಅಂಚಿನ ಹತ್ತಿರ ಬಂದು ನಿಂತಿತು. ಗದರುವವರು ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಕಾದೆ.

ಅವಳು ಬಡಿಯಲಿಲ್ಲ. ಚಮಚ ಕೆಳಗಿಟ್ಟು, ನನ್ನನ್ನು ತಿಕ್ಕಲೆಂದು ಹುಣಸೆಹುಳಿ ತರಲು ಎದ್ದಳು.